ಒಳಗೆ ಯಾರೂ ಇಲ್ಲ

ಅಕ್ಕ ಹೋದ ಸುದ್ದಿ ಬಂದಾಗ ನಾನು ಯೋಕೋಹಾಮಾ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸುತ್ತಿದ್ದೆ. ಅಕ್ಕ ಮರಳಿಹೋಗಿದ್ದ ಮೈಸೂರಿನಿಂದ ಅವರ ಯಜಮಾನರು ಕಳಿಸಿದ್ದ ಒಂದೇ ಸಾಲಿನ ಮೆಸೇಜು. ಐದಾರು ವರ್ಷ ಸುಮ್ಮನಿದ್ದ ಕಾಯಿಲೆ ಈ ಸಲ ಮೂಳೆಗೆ ಇಳಿದಿದೆ ಎಂದು ಗೊತ್ತಿತ್ತು. ಯಾವತ್ತಾದರೂ ಒಂದು ದಿನ ಈ ಸಾಲು ಬರುತ್ತದೆ ಎಂದೂ ಗೊತ್ತಿತ್ತು. ಗೊತ್ತಿದ್ದುದರಿಂದ ಏನೂ ಉಪಯೋಗವಾಗಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತೆ. ಬೆಳಗಿನ ಜನ ಸುಮಿಮಾಸೆನ್, ಕ್ಷಮಿಸಿ, ಸುಮಿಮಾಸೆನ್ ಎನ್ನುತ್ತಾ ನನ್ನ ಎರಡೂ ಪಕ್ಕದಿಂದ ದಾಟಿ ಹೋಗುತ್ತಿದ್ದರು. ಮನೆಗೆ ವಾಪಸು ಹೋಗಿಯಾದರೂ ಏನು ಮಾಡಲಿ? ಆಫೀಸಿಗೇ ಹೋದೆ. ಯಂತ್ರಗಳ ಕೈಪಿಡಿಗಳನ್ನು ಜಪಾನಿಯಿಂದ ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. ಯಾವುದೋ ನೀರೆತ್ತುವ ಪಂಪಿನ ಬಗ್ಗೆ ಬರೆಯುತ್ತಾ ಸಂಜೆಯವರೆಗೆ ಕೂತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಿದ್ದರೆ "ನನ್ನ ವಿಷಯ ಊರಿಗೆಲ್ಲಾ ಹಂಚೋಕೆ ನಿಂಗ್ಯಾರೇ ಪರ್ಮಿಷನ್ ಕೊಟ್ಟಿದ್ದು?" ಎಂದು ಜಾಡಿಸುತ್ತಿದ್ದರು. ಇಲ್ಲಿನ ಕನ್ನಡದವರಲ್ಲಿ ಅವರ ಕಾಯಿಲೆ ಗೊತ್ತಿದ್ದದ್ದು ನನ್ನೊಬ್ಬಳಿಗೇ. ಗೊತ್ತಾದರೆ ಎಲ್ಲರೂ ಪಾಯಸ ಮಾಡಿಕೊಂಡು ಬಂದು ಧೈರ್ಯ ಹೇಳುತ್ತಾರೆ, ಅದನ್ನು ತಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂದಿದ್ದರು.

ಮೊದಲ ಭೇಟಿಯಲ್ಲೇ ಅವರು ನನ್ನ ಸಾರನ್ನು ಫೇಲ್ ಮಾಡಿದ್ದರು. ಟೋಕಿಯೋದ ಎಡೋಗಾವಾದಲ್ಲಿ ನಮ್ಮವರೆಲ್ಲ ಸೇರಿ ಮಾಡುವ ಯುಗಾದಿ ಊಟಕ್ಕೆ ನಾನು ಒಬ್ಬಟ್ಟಿನ ಸಾರು ಮಾಡಿ, ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿ, ಯೋಕೋಹಾಮಾದಿಂದ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಿದ್ದೆ. ಹತ್ತಿ ಸೀರೆ, ಕೈಗೆ ಗಂಡಸರ ಗಡಿಯಾರ, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದಾದ ಒಬ್ಬರು ಒಂದು ಲೋಟ ಕುಡಿದು ನನ್ನ ಹತ್ತಿರ ಬಂದರು.

"ನೀನೇನಾ ಇದನ್ನ ಮಾಡಿದ್ದು?"

ಹೌದು ಎಂದೆ, ಹೊಗಳಿಸಿಕೊಳ್ಳಲು ಮುಖ ಸಿದ್ಧ ಮಾಡಿಕೊಂಡು.

"ಹುಳಿ ಜಾಸ್ತಿ. ಬೆಲ್ಲ ಹಾಕಿ ಮುಚ್ಚೋಕೆ ನೋಡಿದೀಯ. ಮುಂದಿನ ಬ್ಯಾಚಲ್ಲಿ ಸರಿ ಮಾಡ್ಕೋ."

ಅಷ್ಟು ಹೇಳಿ ಇನ್ನೊಂದು ಲೋಟ ಬಗ್ಗಿಸಿಕೊಂಡು ಕುಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ವಾಪಸು ಬರುವಾಗ ನೋಡಿದರೆ ಅವರೂ ಅದೇ ರೈಲು, ಅದೇ ಸ್ಟೇಷನ್ನು. ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಖಾಲಿ ಡಬ್ಬಿಯನ್ನು ಅವರೇ ಹೊತ್ತುಕೊಂಡು ಬಂದು ನಮ್ಮ ಬಾಗಿಲಿಗೆ ಬಿಟ್ಟು ಹೋದರು.

ಕಾನಾಗಾವಾದ ಕಾರ್ಖಾನೆಯೊಂದರಲ್ಲಿ ಅವರು ತಪಾಸಣೆಯ ಇಂಜಿನಿಯರ್. ಕಾರಿಗೆ ಬೇಕಾದ ಅಲ್ಯೂಮಿನಿಯಂ ಎರಕದ ಭಾಗಗಳು ಅಲ್ಲಿ ತಯಾರಾಗುತ್ತವೆ. ಅವು ಹೊರಗೆ ಹೋಗಬೇಕಾದರೆ ಅಕ್ಕ ಸರಿ ಎನ್ನಬೇಕಿತ್ತು. ಆ ಬುದ್ಧಿ ಮನೆಗೂ ಬರುತ್ತಿತ್ತು. ನನ್ನ ಮಗಳ ಸೈಕಲ್ಲಿನ ಬ್ರೇಕನ್ನು ತಾವೇ ಹಿಡಿದು ನೋಡದೆ ಅವಳನ್ನು ಬೀದಿಗೆ ಬಿಡುತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತದೆ. ಅವಳು ಇವರಿಗೆ "ಕೆನ್ಸಾ ಆಂಟಿ" ಎಂದು ಹೆಸರಿಟ್ಟಿದ್ದಳು. ಕೆನ್ಸಾ ಎಂದರೆ ತಪಾಸಣೆ. ಮಗಳು ಹಾಗೆ ಕರೆಯುವುದು ತಿಳಿದ ಮೇಲೆ ಅಕ್ಕನಿಗೆ ಸಿಟ್ಟೇ ಬರಲಿಲ್ಲ, "ಕೆಲಸಕ್ಕೆ ತಕ್ಕ ಹೆಸರು" ಎಂದು ನಕ್ಕರು.

"ಸುಮಾರು" ಎಂಬ ಮಾತು ಅವರಿಗೆ ಆಗಿಬರುತ್ತಿರಲಿಲ್ಲ. ಸುಮಾರು ಹತ್ತು ಜನ ಬರ್ತಾರೆ ಎಂದರೆ, "ಹತ್ತೋ, ಹನ್ನೊಂದೋ?" ನನಗೊಮ್ಮೆ ಜ್ವರ ಬಂದಾಗ ತಮ್ಮ ಥರ್ಮಾಮೀಟರ್ ತಂದು, ನಮ್ಮದನ್ನೂ ಇಟ್ಟು, ಎರಡನ್ನೂ ಹೋಲಿಸಿ, ನಮ್ಮದನ್ನು ಕಸದ ಬುಟ್ಟಿಗೆ ಎಸೆದರು. ಆಮೇಲೆ ಗಂಜಿ ಮಾಡಿದರು. ಬೆನ್ನು ಸವರುವುದು, ತಲೆ ನೇವರಿಸುವುದು ಅವರಿಗೆ ಬರುತ್ತಿರಲಿಲ್ಲ. ಪ್ರೀತಿ ಇದ್ದ ಕಡೆಯೆಲ್ಲ ಏನನ್ನಾದರೂ ರಿಪೇರಿ ಮಾಡುತ್ತಿದ್ದರು.

ಎದೆಯಲ್ಲಿ ಗಂಟು ಸಿಕ್ಕಿದ್ದನ್ನು ಅವರು ಹೇಳಿದ್ದು ನಮ್ಮ ಅಡುಗೆಮನೆಯಲ್ಲಿ, ಕೊತ್ತಂಬರಿ ಸೊಪ್ಪು ಬಿಡಿಸುತ್ತಾ. ತಲೆ ಎತ್ತಲಿಲ್ಲ.

"ನನ್ ಜಪಾನೀಸು ಫ್ಯಾಕ್ಟರಿ ಜಪಾನೀಸು ಕಣೇ. ಎರಕ, ಬಿರುಕು, ಬೋಲ್ಟು ಅಂದ್ರೆ ಬರುತ್ತೆ. ಮೈ ವಿಷ್ಯ ಮಾತಾಡೋಕೆ ಬರಲ್ಲ. ಆಸ್ಪತ್ರೆಗೆ ನನ್ ಜೊತೆ ಬರ್ತೀಯಾ?"

ಹೋದೆ. ಅಲ್ಲಿಂದ ಮುಂದೆ ಡಾಕ್ಟರ ಜಪಾನಿ ನನ್ನ ಬಾಯಲ್ಲಿ ಕನ್ನಡವಾಗಿ ಅವರಿಗೆ ತಲುಪುತ್ತಿತ್ತು. ಕೆಟ್ಟ ಸುದ್ದಿಯನ್ನು ಮೊದಲು ನಾನು ಕೇಳಿಸಿಕೊಳ್ಳಬೇಕು, ಆಮೇಲೆ ನನ್ನದೇ ನಾಲಗೆಯಿಂದ ಅವರಿಗೆ ಹೇಳಬೇಕು. ಅಂಥ ಕೆಲಸ ಯಾರಿಗೂ ಬೇಡ. ಅವರು ಮಾತ್ರ ತಮ್ಮ ಕಾರ್ಖಾನೆಯ ಯಾವುದೋ ಭಾಗದಲ್ಲಿ ದೋಷ ಸಿಕ್ಕಿದೆ ಎನ್ನುವ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಎಷ್ಟು ದೊಡ್ಡದು, ಎಲ್ಲಿ, ಅಂಚು ಹೇಗಿದೆ. ಆಪರೇಷನ್ನಿಗೆ ಯಜಮಾನರು ಮೈಸೂರಿನ ಬ್ಯಾಂಕಿಗೆ ರಜ ಹಾಕಿ ಬಂದಿದ್ದರು. ಈ ದೇಶದಲ್ಲಿ ರೋಗಿಗಳು ತಮ್ಮ ಕಾಲಿನಲ್ಲೇ ಆಪರೇಷನ್ ಕೋಣೆಗೆ ನಡೆದುಹೋಗುತ್ತಾರೆ. ಅಕ್ಕ ಬೆಳಗಿನ ಶಿಫ್ಟಿಗೆ ಹೊರಟವರಂತೆ ಹೋದರು. "ನಿದ್ದೆ ಬರಿಸ್ತಾರೆ. ಆಮೇಲಿಂದು ಅವ್ರ ಜವಾಬ್ದಾರಿ" ಎಂದರು. ಅತ್ತಿದ್ದು ನಾನು ಮತ್ತು ಅವರ ಯಜಮಾನರು.

ಗಂಟನ್ನಷ್ಟೇ ತೆಗೆದು ಸ್ತನವನ್ನು ಉಳಿಸಿದ್ದರು. ಉಳಿದ ಭಾಗದಲ್ಲಿ ಏನಾದರೂ ಇದ್ದರೆ ಸುಡಲು ಕೆಲವು ವಾರ ದಿನವೂ ರೇಡಿಯೇಷನ್ ಕೊಡಬೇಕು ಎಂದರು ಡಾಕ್ಟರು. ರಜ ಮುಗಿದು ಯಜಮಾನರು ಮೈಸೂರಿಗೆ ಮರಳಿದರು. ಆಪರೇಷನ್ನೇ ಆಯಿತು, ಇನ್ನು ರೇಡಿಯೇಷನ್ ಏನು ಮಹಾ ಎಂದು ನಾವೆಲ್ಲ ಅಂದುಕೊಂಡಿದ್ದೆವು. ನೋವಿಲ್ಲ, ರಕ್ತವಿಲ್ಲ, ಹೋಗಿ ಮಲಗಿ ಎದ್ದು ಬರುವುದು.

ಅಲ್ಲಿಂದಲೇ ಅಕ್ಕ ಬೇರೆಯೇ ಮನುಷ್ಯರಾದರು.

ಕಿರಣ ಎಲ್ಲಿ ಬೀಳಬೇಕು ಎಂದು ಅಳತೆ ತೆಗೆಯಲು ಒಂದು ದಿನ ಕರೆದರು. ಸ್ಕ್ಯಾನ್ ಮಾಡಿ, ಎದೆಯ ಮೇಲೂ ಪಕ್ಕೆಯ ಮೇಲೂ ನೇರಳೆ ಬಣ್ಣದ ಮಸಿಯಲ್ಲಿ ಗೆರೆ ಎಳೆದರು. ಚಿಕಿತ್ಸೆ ಮುಗಿಯುವವರೆಗೆ ಈ ಗೆರೆ ಅಳಿಸಬಾರದು, ಸ್ನಾನ ಮಾಡಬಹುದು, ಉಜ್ಜಬೇಡಿ ಎಂದಳು ನರ್ಸ್. ನಾನು ಅಕ್ಷರ ಬಿಡದೆ ಕನ್ನಡಕ್ಕೆ ತಂದೆ. ಅಕ್ಕ ತಲೆಯಾಡಿಸಿದರು. ಮಾಮೂಲಿನಂತಿದ್ದರೆ ಮಸಿ ಯಾವುದು, ಗೆರೆ ಎಷ್ಟು ದಪ್ಪ, ಚರ್ಮ ಜರುಗಿದರೆ ಏನು ಮಾಡುತ್ತೀರಿ ಎಂದು ಆ ಹುಡುಗಿಯ ಪ್ರಾಣ ತಿನ್ನಬೇಕಿತ್ತು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮನೆಗೆ ಬಂದವರು ಸ್ನಾನ ಬಿಟ್ಟರು. ಸ್ನಾನವಾಗದೆ ಒಲೆ ಹಚ್ಚದ ಹೆಂಗಸು. ಆಗಸ್ಟ್ ತಿಂಗಳು, ಯೋಕೋಹಾಮಾ ಬೇಯುತ್ತಿತ್ತು. ಬೆವರಿಗೆ ಗೆರೆ ಕರಗುತ್ತದೆ ಎಂದು ದಿನವಿಡೀ ಏಸಿ ಹಾಕಿಕೊಂಡು, ಕೈಯನ್ನು ಪಕ್ಕೆಗೆ ತಾಗಿಸದೆ, ಯಾರೋ ಬಂದೂಕು ತೋರಿಸಿದ ಹಾಗೆ ಎತ್ತಿಕೊಂಡು ಕೂತಿರುತ್ತಿದ್ದರು. ನಾನು ಊಟ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಮರೆವಿನಲ್ಲಿ ಹುಳಿಗೆ ಉಪ್ಪೇ ಹಾಕಿರಲಿಲ್ಲ. ಅದನ್ನು ತಟ್ಟೆ ತುಂಬ ತಿಂದು, ಕೈ ತೊಳೆದು, ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಅದೇ ಹುಳಿಯನ್ನು ಬಾಯಿಗಿಟ್ಟುಕೊಂಡಾಗ ನನಗೆ ಗೊತ್ತಾಯಿತು. ಯಾವ ಬೈಗುಳಕ್ಕೂ ಅಷ್ಟು ಹೆದರಿರಲಿಲ್ಲ ನಾನು.

ಕೊನೆಗೆ ನಾನೇ ಜಬರ್ದಸ್ತಿ ಮಾಡಿ ಬಚ್ಚಲಿಗೆ ಕರೆದುಕೊಂಡು ಹೋದೆ. ಪುಟ್ಟ ಸ್ಟೂಲಿನ ಮೇಲೆ ಕೂರಿಸಿ ಬೆನ್ನಿಗೆ ಚೊಂಬಿನಲ್ಲಿ ನೀರು ಹೊಯ್ದೆ. ಮುಂದೆ ಒದ್ದೆ ಬಟ್ಟೆ ಹಿಡಿದು, ಗೆರೆಗಳನ್ನು ಬಿಟ್ಟು, ಸುತ್ತ ಒತ್ತಿ ಒತ್ತಿ ಒರೆಸಿದೆ. ಗಾಯ ಇನ್ನೂ ಕೆಂಪಾಗಿತ್ತು.

"ಅಕ್ಕ, ಏನಕ್ಕೆ ಭಯ? ಹೇಳಿ. ನಾನು ಡಾಕ್ಟರ ಹತ್ರ ಕೇಳ್ತೀನಿ."

"ಏನಿಲ್ಲ ಬಿಡೇ."

"ನೋವಾಗಲ್ಲ ಅಂತ ಅವ್ರೇ ಹೇಳಿದಾರಲ್ಲ."

"ಗೊತ್ತು."

ಶುರುವಾಗಬೇಕಿದ್ದ ದಿನ ನಾವು ಸ್ಟೇಷನ್ನಿನವರೆಗೆ ಹೋದೆವು. ಗೇಟಿನಲ್ಲಿ ಕಾರ್ಡ್ ಒತ್ತಬೇಕಾದವರು ಹಾಗೇ ನಿಂತರು, ತಿರುಗಿ ಮನೆಯ ದಾರಿ ಹಿಡಿದರು. ಆಸ್ಪತ್ರೆಗೆ ನಾನು ಫೋನ್ ಮಾಡಿ ಹೊಟ್ಟೆ ಕೆಟ್ಟಿದೆ ಎಂದೆ. ಎರಡನೇ ಸಲ ಕೊಟ್ಟ ದಿನಕ್ಕೆ ಆಸ್ಪತ್ರೆಯ ಒಳಗಿನವರೆಗೆ ಬಂದರು, ಗೌನನ್ನೂ ತೊಟ್ಟರು, ಆಮೇಲೆ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಈಚೆ ಬರಲಿಲ್ಲ. ನಾನು ಬಾಗಿಲ ಆಚೆ ನಿಂತು ಕನ್ನಡದಲ್ಲಿ ಬೇಡಿಕೊಂಡೆ. ನರ್ಸ್ ನನ್ನ ಪಕ್ಕ ನಿಂತು ಜಪಾನಿಯಲ್ಲಿ ಮೆಲ್ಲಗೆ ಮಾತಾಡಿದಳು. ಒಳಗಿಂದ ಬಂದದ್ದು ಒಂದೇ ಮಾತು, "ಸುಮಿಮಾಸೆನ್". ತಪ್ಪಾಯಿತು ಎಂದು ಪದೇ ಪದೇ ಹೇಳುತ್ತಿದ್ದರು, ಅಷ್ಟೇ.

ಡಾಕ್ಟರು ಬೈಯಲಿಲ್ಲ. ಆದರೆ ತುಂಬಾ ತಡವಾದರೆ ಚಿಕಿತ್ಸೆಯ ಫಲ ಕಡಿಮೆಯಾಗಬಹುದು, ಇನ್ನು ಮುಂದೂಡಬೇಡಿ ಎಂದರು. ಆ ಮಾತನ್ನೂ ಕನ್ನಡಕ್ಕೆ ತಂದದ್ದು ನಾನೇ. ಮೈಸೂರಿನಿಂದ ಯಜಮಾನರು ವಿಡಿಯೋದಲ್ಲಿ ಕೂಗಾಡಿದರು, "ನೀವಾದ್ರೂ ಹೇಳಿ ಅವಳಿಗೆ, ನಿಮ್ಮ ಮಾತು ಕೇಳ್ತಾಳೆ!" ಕೂಗಾಡಿ ಕೂಗಾಡಿ ಆ ಮನುಷ್ಯ ಅಳಲು ಶುರು ಮಾಡಿದರು. ನಾನೇನು ಹೇಳಲಿಲ್ಲ? ರೇಡಿಯೇಷನ್ ಮುಗಿಸಿ ಆರಾಮಾಗಿರುವವರ ಕತೆ ಹೇಳಿದೆ, ಉಸಿರಾಟದ ವ್ಯಾಯಾಮದ ವಿಡಿಯೋ ತೋರಿಸಿದೆ, ರಾಯರಿಗೆ ಹರಕೆ ಹೊತ್ತೆ. ದಿನವಿಡೀ ಮಾತಿನಲ್ಲೇ ಕೆಲಸ ಮಾಡುವ ನನಗೆ ಒಂದಾದರೂ ಉಪಯೋಗಕ್ಕೆ ಬರುವ ಮಾತು ಸಿಗಲಿಲ್ಲ.

ಮೂರನೇ ಸಲದ ದಿನ ನಿಗದಿಯಾಗಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಅಕ್ಕ ಸೋಫಾದಲ್ಲಿ ಕೈ ಎತ್ತಿಕೊಂಡೇ ಕೂತಿದ್ದರು. ನಾನು ಏನೂ ಕೇಳಲಿಲ್ಲ, ಕೇಳಿ ಕೇಳಿ ಸಾಕಾಗಿತ್ತು. ಪಕ್ಕದಲ್ಲಿ ಕೂತೆ. ಅವರೇ ಶುರು ಮಾಡಿದರು.

"ನಮ್ ಫ್ಯಾಕ್ಟರೀಲಿ ಒಂದು ಎಕ್ಸ್‌ರೇ ರೂಮಿದೆ ಕಣೇ. ದೊಡ್ಡ ದೊಡ್ಡ ಎರಕದ ಒಳಗೆ ಗಾಳಿಗುಳ್ಳೆ ಇದ್ರೆ ಕಣ್ಣಿಗೆ ಕಾಣಲ್ವಲ್ಲ, ಅದಕ್ಕೆ. ಈ ಹಾಲ್‌ನಷ್ಟಿರುತ್ತೆ. ಗೋಡೆಗೆಲ್ಲ ಸೀಸ. ಬಾಗಿಲು ಇಷ್ಟು ದಪ್ಪ. ಎರಕಾನ ಮೇಜಿನ ಮೇಲೆ ಇಟ್ಟು, ಎಲ್ರೂ ಈಚೆ ಬಂದು, ಬಾಗಿಲು ಹಾಕಿ, ಸ್ವಿಚ್ ಒತ್ತಬೇಕು. ಮೇಲೆ ಕೆಂಪು ಲೈಟ್ ಬರುತ್ತೆ."

"ಹ್ಞೂಂ."

"ಬಾಗಿಲು ಹಾಕೋಕೆ ಮುಂಚೆ ಒಳಗಡೆ ನಾಲ್ಕೂ ಮೂಲೆಗೆ ಬೆರಳು ತೋರಿಸಿ ಜೋರಾಗಿ ಕೂಗ್ಬೇಕು. 'ಮುಜಿನ್, ಯೋಶಿ!' ಅಂತ."

ಅದು ನನಗೆ ಗೊತ್ತಿತ್ತು. ಇಲ್ಲಿನ ರೈಲಿನವರು, ಕಾರ್ಖಾನೆಯವರು ಎಲ್ಲರೂ ಹಾಗೆ ಬೆರಳು ತೋರಿಸಿ ಬಾಯಿಬಿಟ್ಟು ಕೂಗಿಯೇ ಕೆಲಸ ಮಾಡುವುದು. ಕಣ್ತಪ್ಪಿ ಅನಾಹುತ ಆಗಬಾರದು ಎಂದು. ಮುಜಿನ್ ಯೋಶಿ ಎಂದರೆ ಒಳಗೆ ಯಾರೂ ಇಲ್ಲ, ಸರಿ.

"ಇಷ್ಟು ವರ್ಷ ದಿನಾ ಕೂಗಿದೀನಿ. ಹೊಸಬರಿಗೆ ಕಲಿಸಿರೋಳೂ ನಾನೇ. ಎಲ್ಲಾ ಮರೆತ್ರೂ ಇದೊಂದನ್ನ ಮರೀಬೇಡಿ, ಒಳಗೆ ಮನುಷ್ಯರಿದ್ದಾಗ ಆ ಲೈಟ್ ಬರಬಾರ್ದು ಅಂತ. ಒಂದ್ಸಲ ಒಬ್ಬ ಹುಡುಗ ಕೂಗದೆ ಬಾಗಿಲು ಹಾಕ್ದ. ಒಳಗ್ಯಾರೂ ಇರ್ಲಿಲ್ಲ. ಆದ್ರೂ ಅವನಿಗೆ ಅಳು ಬರೋ ಹಾಗೆ ಬೈದಿದ್ದೆ. ಈಗ ನನ್ನನ್ನೇ ಮೇಜಿನ ಮೇಲೆ ಮಲಗಿಸ್ತಾರಂತೆ. ಎಲ್ರೂ ಈಚೆ ಹೋಗ್ತಾರಂತೆ. ಬಾಗಿಲು ಹಾಕ್ತಾರಂತೆ. ಅದು ಬೇರೆ, ಇದು ಬೇರೆ ಅಂತ ಗೊತ್ತು ಕಣೇ. ನಾನೇನು ದಡ್ಡಿಯಲ್ಲ. ತಲೆಗೆ ಗೊತ್ತು, ಕಾಲಿಗೆ ಗೊತ್ತಾಗ್ತಿಲ್ಲ. ಬಾಗಿಲ ಹತ್ರ ಬಂದ್ರೆ ಕಾಲು ವಾಪಸು ಓಡುತ್ತೆ."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಹತ್ತಿರವಿರುವವರೆಲ್ಲ ಈಚೆ ಬರುತ್ತಾರೆ ಎಂಬುದು ನಿಜ, ಒಬ್ಬರೇ ಒಳಗಿರಬೇಕೆಂಬುದೂ ನಿಜ. ನಾನು ಜೊತೆಗೆ ಬರುತ್ತೇನೆ ಎನ್ನುವಂತಿಲ್ಲ, ನಿಮ್ಮ ಬದಲು ಮಲಗುತ್ತೇನೆ ಎನ್ನುವಂತಿಲ್ಲ. ಅವರ ಕೈಯನ್ನು ಎಳೆದು ನನ್ನ ತೊಡೆಯ ಮೇಲಿಟ್ಟುಕೊಂಡೆ. ಗೆರೆ ಅಳಿಸುತ್ತದೆ ಎಂದು ಕೊಸರಿಕೊಂಡರು.

ಮರುದಿನ ಆಸ್ಪತ್ರೆಯಲ್ಲಿ ಗೌನು ತೊಟ್ಟು ಬೆಂಚಿನ ಮೇಲೆ ಕೂತಿದ್ದಾಗ ಅಕ್ಕನ ತುಟಿ ಬಿಳಿಚಿಕೊಂಡಿತ್ತು. ಕಿರಣ ಬಿಡುವ ಕೆಲಸದ ತಂತ್ರಜ್ಞ, ಕನ್ನಡಕ ಹಾಕಿದ ನಡುವಯಸ್ಸಿನ ಗಂಡಸು, ಬಂದು ಬಗ್ಗಿ ನಮಸ್ಕರಿಸಿ, ಒಳಗೆ ಕ್ಯಾಮೆರಾ ಇದೆ, ಮೈಕ್ ಇದೆ, ಒಂದು ಮಾತು ಕೂಗಿದರೆ ನಿಲ್ಲಿಸಿಬಿಡುತ್ತೇವೆ ಎಂದ. ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ಏಳಲಿಲ್ಲ. ಅವನು ಕಾದ. ಇದೂ ಹೋಯಿತು, ಇವತ್ತೂ ಮನೆಗೇ ಎಂದುಕೊಂಡೆ.

"ಅವ್ರಿಗೊಂದು ಮಾತು ಹೇಳ್ತೀಯಾ?" ಎಂದರು ಅಕ್ಕ. "ಬಾಗಿಲು ಹಾಕೋಕೆ ಮುಂಚೆ, ಒಳಗೆ ನಾನಿದೀನಿ ಅಂತ ಕೂಗೋಕೆ ಹೇಳು. ಬೆರಳು ತೋರಿಸಿ. ನನ್ ಕಿವೀಗೆ ಬೀಳೋ ಹಾಗೆ."

ನಾನು ಅವರ ಕೆಲಸವನ್ನೂ, ಆ ಸೀಸದ ಕೋಣೆಯನ್ನೂ, ಇಷ್ಟು ವರ್ಷ ಅವರು ಕೂಗುತ್ತಿದ್ದ ಮಾತನ್ನೂ ಜಪಾನಿಯಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಸಂಕೋಚ, ಈ ಮನುಷ್ಯ ನಕ್ಕರೆ ಎಂದು. ಅವನು ನಗಲಿಲ್ಲ. ಪೂರ್ತಿ ಕೇಳಿಸಿಕೊಂಡು, ಅಕ್ಕನ ಕಡೆ ತಿರುಗಿ, ಒಂದೇ ಕಸುಬಿನವರು ಮಾತಾಡುವ ಹಾಗೆ, "ಅರ್ಥವಾಯಿತು, ದಿನವೂ ಹಾಗೇ ಮಾಡುತ್ತೇವೆ" ಎಂದ.

ಅಕ್ಕ ಎದ್ದರು. ಗೋಡೆ ಹಿಡಿದುಕೊಂಡು ನಡೆದರು. ನಾನು ನೆಲದ ಮೇಲಿನ ಕೆಂಪು ಗೆರೆಯವರೆಗೆ ಹೋಗಿ ನಿಂತೆ, ಅದರಾಚೆ ಬಿಡುವುದಿಲ್ಲ. ಒಳಗೆ ಅವರನ್ನು ಮಲಗಿಸಿ, ಕೈಗಳನ್ನು ತಲೆಯ ಮೇಲಕ್ಕೆ ಇರಿಸಿ, ಮಸಿಯ ಗೆರೆಗೆ ಬೆಳಕಿನ ಗೆರೆ ಕೂಡಿಸುವಷ್ಟು ಹೊತ್ತು ಏನೇನೋ ಮೆಲುದನಿ ಕೇಳುತ್ತಿತ್ತು. ಆಮೇಲೆ ಅವನು ಬಾಗಿಲಿಗೆ ಬಂದ. ತಿರುಗಿ ನಿಂತ. ತೋಳನ್ನು ಉದ್ದಕ್ಕೆ ಚಾಚಿ, ಒಳಗೆ ಬೆರಳು ತೋರಿಸಿ, ಆ ನಿಶ್ಶಬ್ದ ಆಸ್ಪತ್ರೆಯಲ್ಲಿ ಅಕ್ಕನ ಪೂರ್ತಿ ಹೆಸರು ಹಿಡಿದು, ಅದಕ್ಕೆ ಗೌರವದ ಸಾನ್ ಸೇರಿಸಿ ಕೂಗಿದ. ಇಂಥವರು ಒಳಗಿದ್ದಾರೆ, ಯೋಶಿ!

ಒಳಗಿಂದ ಅಕ್ಕನ ಧ್ವನಿ ಬಂತು. "ಹಾಯ್!" ಹೌದು, ಇದ್ದೇನೆ ಎಂದು.

ಬಾಗಿಲು ಜರುಗಿ ಮುಚ್ಚಿಕೊಂಡಿತು. ಮೇಲೆ ದೀಪ ಹತ್ತಿತು. ನಾನು ಬೆಂಚಿಗೆ ವಾಪಸು ಬಂದು ಅವರ ಚಪ್ಪಲಿ, ಕೈಚೀಲ, ಗಂಡಸರ ಗಡಿಯಾರ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಕೂತೆ. ದೇವರ ಹೆಸರು ಹೇಳೋಣವೆಂದರೆ ಒಂದೂ ನೆನಪಾಗಲಿಲ್ಲ. ಆ ಬಾಗಿಲನ್ನು ನೋಡುವುದನ್ನು ಬಿಟ್ಟು ನನ್ನಿಂದ ಮತ್ತೇನೂ ಆಗಲಿಲ್ಲ.

ಅಕ್ಕ ಹೊರಗೆ ಬಂದಾಗ ಮುಖವೆಲ್ಲ ಒದ್ದೆಯಾಗಿತ್ತು, ಬೆವರೋ ಅಳುವೋ. ನಾನು ಎದ್ದು ತಬ್ಬಿಕೊಳ್ಳಲು ಹೋದೆ, ಗೆರೆಯ ನೆನಪಾಗಿ ತಡೆದೆ. ಬೆಂಚಿನ ಮೇಲೆ ಕೂತು ಉಸಿರು ತೆಗೆದುಕೊಂಡರು.

"ಭಯ ಹೋಯ್ತಾ ಅಕ್ಕ?"

"ಇಲ್ಲ ಕಣೇ. ಹೋಗ್ಲಿಲ್ಲ. ಅದು ಹೋಗೋದನ್ನ ಕಾಯ್ತಾ ಇದ್ದೆ ನಾನು. ಅದು ಇರೋವಾಗ್ಲೇ ಮುಗ್ದುಹೋಯ್ತು." ಚಪ್ಪಲಿಗೆ ಕಾಲು ತೂರಿಸಿದರು. "ನಾಳೆ ಎಷ್ಟು ಹೊತ್ತಿಗೆ ಅಂತ ಕೇಳ್ಕೊಂಡು ಬಾ."

ಕೌಂಟರಿಗೆ ಹೋದೆ. ಅಲ್ಲಿನ ಹುಡುಗಿ ತಲೆಯೆತ್ತಿ ನನ್ನ ಮುಖ ನೋಡಿದಳು. ಬಾಯಿ ತೆರೆದೆ. ನಾಳೆ ಎಂಬುದಕ್ಕೆ ಜಪಾನಿಯಲ್ಲಿ ಏನೆನ್ನುತ್ತಾರೆ ಎಂಬುದೂ ಹೊಳೆಯಲಿಲ್ಲ. ಅವಳ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಾ ನಿಂತುಬಿಟ್ಟೆ. ಅಕ್ಕ ನಿಧಾನಕ್ಕೆ ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ತಮ್ಮ ಫ್ಯಾಕ್ಟರಿ ಜಪಾನಿಯಲ್ಲಿ ತಾವೇ ಕೇಳಿದರು.